ಸಮುದ್ರದ ನೀಲಿಗೆ ಸುಣ್ಣದ ತಿಳಿನೀರು ಸಲ್ಲದು

ಹಳೆಯ ಕಾಗದಗಳ ಸಂರಕ್ಷಣೆ ನನ್ನ ವೃತ್ತಿ. ಕಾಗದಕ್ಕೆ ಹಿತವಾದ ಚಿಕಿತ್ಸೆ ಅದರ ಮೇಲಿನ ಬಣ್ಣಕ್ಕೂ ಹಿತವಾಗಿರಬೇಕೆಂದೇನೂ ಇಲ್ಲ ಎಂಬುದನ್ನು ನನಗೆ ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು, ಮದರಾಸಿನ ಸೇಂಟ್ ಜಾರ್ಜ್ ಕೋಟೆಯನ್ನು ಕಡಲಿನ ಕಡೆಯಿಂದ ಕಾಣಿಸುವ ಒಂದು ಮುದ್ರಿತ ಚಿತ್ರ. ಡಚ್ ಮೂಲದ ಕಲಾವಿದ ಯಾನ್ ವಾನ್ ರೈನ್ ಅವರ ಈ ಕೆತ್ತನೆಯನ್ನು ಲಂಡನ್ನಿನ ರಾಬರ್ಟ್ ಸೇಯರ್ 1754ರಲ್ಲಿ ಪ್ರಕಟಿಸಿದರು. ಆ ಕಾಲದ ಮದರಾಸಿಗೆ ಕಟ್ಟಿದ ಬಂದರು ಇರಲಿಲ್ಲ. ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು, ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದ ಮಸೂಲಾ ದೋಣಿಗಳು ಅಲೆಗಳ ಹೊಡೆತವನ್ನು ತಾಳಿಕೊಂಡು ಜನರನ್ನೂ ಸರಕನ್ನೂ ದಡ ಮುಟ್ಟಿಸುತ್ತಿದ್ದವು. ಹೀಗಾಗಿ ಚಿತ್ರದ ಬಹುಭಾಗವನ್ನು ನೀರೂ ಆಕಾಶವೂ ಆವರಿಸಿವೆ, ಅಂದರೆ ನೀಲಿ ಬಣ್ಣ.

ಇಂತಹ ಚಿತ್ರಗಳಲ್ಲಿ ತಾಮ್ರದ ಫಲಕದಿಂದ ಅಚ್ಚಾಗುವುದು ಕಪ್ಪು ಗೆರೆಗಳು ಮಾತ್ರ. ಆ ಶಾಯಿ ಎಣ್ಣೆಯಿಂದ ಮಾಡಿದ್ದು. ನೀರಿಗೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಬಣ್ಣವನ್ನು ಆಮೇಲೆ ಒಂದೊಂದು ಪ್ರತಿಗೂ ಕುಂಚ ಹಿಡಿದು ಹಚ್ಚುತ್ತಿದ್ದರು, ಅದನ್ನು ಕಾಗದಕ್ಕೆ ಹಿಡಿದಿಟ್ಟಿರುವುದು ಗೋಂದು.

ಈ ಪ್ರತಿ ನಮ್ಮಲ್ಲಿಗೆ ಬಂದಾಗ, ಹಿಂದೆ ಯಾರೋ ಅಂಟಿಸಿದ್ದ ಅಗ್ಗದ ರಟ್ಟಿನ ಆಮ್ಲ ಹಾಳೆಗೆ ಇಳಿದು ಅದು ಕಂದುಬಣ್ಣಕ್ಕೆ ತಿರುಗಿತ್ತು. ಸುಣ್ಣದ ತಿಳಿನೀರಿನಲ್ಲಿ ತೊಳೆದರೆ ಆಮ್ಲ ತಟಸ್ಥವಾಗುತ್ತದೆ, ಮುಂದೆ ಹುಟ್ಟುವ ಆಮ್ಲವನ್ನು ತಡೆಯುವಷ್ಟು ಕ್ಷಾರವೂ ಕಾಗದದಲ್ಲಿ ಉಳಿಯುತ್ತದೆ. ಸಹೋದ್ಯೋಗಿಯೊಬ್ಬರು ಅದನ್ನೇ ಸೂಚಿಸಿದರು, ಬರಿಯ ಕಾಗದವಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ತಯಾರಾದ ಪ್ರಷ್ಯನ್ ನೀಲಿ 1754ರ ಹೊತ್ತಿಗೆ ಯುರೋಪಿನಲ್ಲೆಲ್ಲ ಬಳಕೆಯಲ್ಲಿತ್ತು, ಮತ್ತು ಕ್ಷಾರ ತಾಗಿದರೆ ಆ ವರ್ಣ ಒಡೆದು ತುಕ್ಕಿನಂತಹ ಕಂದು ಮಾತ್ರ ಉಳಿಯುತ್ತದೆ. ಅಂಚಿನಿಂದ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣವೊಂದನ್ನು ತೆಗೆದು, ಗಾಜಿನ ಮೇಲಿಟ್ಟು ಒಂದು ಹನಿ ಕ್ಷಾರ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ನೀಲಿ ಅಳಿದು ಕಂದಾಯಿತು. ಇಡೀ ಹಾಳೆಯನ್ನು ಮುಳುಗಿಸಿದ್ದರೆ ಆ ಸಮುದ್ರದ ಗತಿಯೂ ಅದೇ ಆಗುತ್ತಿತ್ತು. ಹಾಗೆ ಹೋದ ಬಣ್ಣವನ್ನು ಮತ್ತೆ ತರುವ ವಿದ್ಯೆ ನಮ್ಮಲ್ಲಿಲ್ಲ.

ಆದ್ದರಿಂದ ನಿಧಾನದ ದಾರಿಯನ್ನು ಹಿಡಿದೆವು. ರಟ್ಟನ್ನು ಹಿಂಬದಿಯಿಂದ ಪದರಪದರವಾಗಿ ಒಣದಾಗಿಯೇ ಕೆರೆದು ತೆಗೆದೆವು. ಪ್ರತಿಯೊಂದು ಬಣ್ಣವೂ ನೀರಿಗೆ ಕದಡುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಶುದ್ಧ ನೀರಿನಿಂದ ತೇವಗೊಳಿಸಿದ ಹೀರುಕಾಗದದ ಮೇಲೆ ಹಾಳೆಯನ್ನು ಇಟ್ಟು ಕಲೆಯನ್ನು ಕೆಳಮುಖವಾಗಿ ಎಳೆಸಿದೆವು. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಕಾಗದವನ್ನೇ ತಿನ್ನುವುದರಿಂದ ಹಸಿರು ಇದ್ದೆಡೆಯೆಲ್ಲ ಹಿಂಬದಿಯನ್ನೂ ಪರೀಕ್ಷಿಸಿದೆವು.

ಹಾಳೆ ಪೂರ್ತಿ ಬೆಳ್ಳಗಾಗಲಿಲ್ಲ. ಮಾಲೀಕರಿಗೆ ಇದು ಮೊದಲು ಸ್ವಲ್ಪ ನಿರಾಸೆ ತಂದರೂ, ಕಾರಣವನ್ನು ವಿವರಿಸಿದಾಗ ಅವರು ಒಪ್ಪಿದರು. ಆಮ್ಲರಹಿತವೆಂದು ಮಾರುವ ರಟ್ಟುಗಳಲ್ಲಿ ಹಲವಕ್ಕೆ ಸುಣ್ಣದ ಅಂಶವನ್ನು ಬೆರೆಸಿರುತ್ತಾರೆ. ಅದೂ ಈ ನೀಲಿಗೆ ಹೊಂದದ ಕಾರಣ ಕ್ಷಾರ ಬೆರೆಸದ ರಟ್ಟನ್ನೇ ಹುಡುಕಿ ಚೌಕಟ್ಟು ಹಾಕಿಸಿದೆವು, ಬೆಳಕನ್ನು 50 ಲಕ್ಸ್‌ಗೆ ಮಿತಿಗೊಳಿಸುವಂತೆ ತಿಳಿಸಿದೆವು, ಮುಂದೆ ಇದನ್ನು ಕೈಗೆತ್ತಿಕೊಳ್ಳುವವರಿಗಾಗಿ ಕ್ಷಾರದ ಪರೀಕ್ಷೆಯ ಫಲಿತಾಂಶವನ್ನು ಬರೆದು ಚಿತ್ರದ ದಾಖಲೆಯೊಂದಿಗೆ ಲಗತ್ತಿಸಿದೆವು.