ಮನೆಯ ವರ್ಕ್‌ಶಾಪಿಗೆ ದೊಡ್ಡ ಲೇತ್ ತರುವ ಮುನ್ನ

ಶಿರಸಿ ಸುತ್ತಮುತ್ತ ಅಡಿಕೆ ಕೊಯ್ಲು ಶುರುವಾಯಿತೆಂದರೆ ಮನೆಯ ಹಿಂದಿರುವ ನನ್ನ ವರ್ಕ್‌ಶಾಪಿಗೆ ಸುಲಿಯುವ ಯಂತ್ರದ ಶಾಫ್ಟ್‌ಗಳು ಒಂದರ ಹಿಂದೊಂದು ಬರುತ್ತವೆ. ಹೆಚ್ಚಿನವುಗಳ ತೊಂದರೆ ಒಂದೇ. ಬೇರಿಂಗ್ ಕೂರುವ ಜಾಗ ಸವೆದು, ಒಳರಿಂಗು ಶಾಫ್ಟಿನ ಮೇಲೆಯೇ ಜಾರಿರುತ್ತದೆ. ವೆಲ್ಡಿಂಗ್ ತುಂಬಿಸಿ ಮತ್ತೆ ಲೇತ್‌ಗೆ, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರಕ್ಕೆ, ಕಟ್ಟಬೇಕು, ಇಲ್ಲವೇ ಹೊಸ ಶಾಫ್ಟ್ ಮಾಡಬೇಕು. 6205 ಬೇರಿಂಗ್‌ನ ಒಳವ್ಯಾಸ 25 ಮಿ.ಮೀ. ಅದು ಜಾರದೆ ಕೂರಬೇಕಾದರೆ ಶಾಫ್ಟಿನ ಅಳತೆ 25.002ರಿಂದ 25.015 ಮಿ.ಮೀ. ಒಳಗೆ ಸಿಗಬೇಕು. "ಸಂಜೆಯೊಳಗೆ ಆಗುತ್ತದೆಯಾ ತಮ್ಮಾ? ಆಳುಗಳು ಕಾಯುತ್ತಿದ್ದಾರೆ" ಎಂದು ತೋಟದವರು ಬಾಗಿಲಲ್ಲೇ ನಿಂತು ಕೇಳುವಾಗಲೂ ಈ ಅಳತೆಯಲ್ಲಿ ರಾಜಿ ಇಲ್ಲ.

ನನ್ನ ಬಳಿ ಇದ್ದದ್ದು ಮೇಜಿನ ಮೇಲೆ ಕೂರುವ ಏಳು ಇಂಚಿನ ಪುಟ್ಟ ಲೇತ್. ತೂಕ 40 ಕಿಲೋ ಆಸುಪಾಸು, ಕೆಲಸವನ್ನು ತಿರುಗಿಸುವ ಸ್ಪಿಂಡಲ್‌ನ ತೂತು 20 ಮಿ.ಮೀ., ಕೆಲಸವನ್ನು ಎರಡೂ ತುದಿಗಳಲ್ಲಿ ಹಿಡಿಯುವ ಸೆಂಟರ್‌ಗಳ ನಡುವೆ 350 ಮಿ.ಮೀ. 25ರ ಶಾಫ್ಟ್ ಅದರ ಸ್ಪಿಂಡಲ್ ಒಳಗೆ ಹೋಗುವುದೇ ಇಲ್ಲ, ಉದ್ದವಿದ್ದರೆ ಸೆಂಟರ್‌ಗಳ ನಡುವೆಯೂ ಹಿಡಿಸುವುದಿಲ್ಲ. ಹಾಗಾಗಿ ದೊಡ್ಡದನ್ನು ಹುಡುಕಲು ಹೊರಟಾಗ ನಾನು ಮೊದಲು ಕೇಳಿದ್ದು ಸ್ಪಿಂಡಲ್‌ನ ತೂತು ಎಷ್ಟು ಎಂದು. ಯಂತ್ರದ ಬುಡದ ಉದ್ದ ಭಾಗವಾದ ಬೆಡ್ಡಿನ ಅಳತೆ, ವೇಗಗಳ ಸಂಖ್ಯೆ, ಜೊತೆಗೆ ಕೊಡುವ ಸಾಮಾನು ಎಲ್ಲವೂ ಆಮೇಲಿನ ಮಾತು. 38 ಮಿ.ಮೀ. ತೂತಿದ್ದರೆ ನಮ್ಮ ಕಡೆಯ ಕೃಷಿ ಯಂತ್ರಗಳ ಬಹುಪಾಲು ಶಾಫ್ಟ್‌ಗಳು ಅದರೊಳಗೆ ಸಾಗುತ್ತವೆ. ಶಾಫ್ಟನ್ನು ಕಚ್ಚಿ ಹಿಡಿಯುವ ಚಕ್ಕಿನ ಹೊರಗೆ ಬೇಕಾದಷ್ಟೇ ತುದಿ ಬಿಟ್ಟು ಕೆಲಸ ಮಾಡಬಹುದು.

ಎರಡನೆಯದು ತೂಕ. ತುಂಡರಿಸುವ ಪಾರ್ಟಿಂಗ್ ಟೂಲನ್ನು ಕಬ್ಬಿಣಕ್ಕೆ ಒತ್ತಿದಾಗ ಪುಟ್ಟ ಲೇತ್ ನಡುಗುತ್ತದೆ. ಟೂಲ್ ಒಮ್ಮೆ ಕಚ್ಚುತ್ತದೆ, ಒಮ್ಮೆ ಬಿಡುತ್ತದೆ, ಕೊನೆಗೆ ತುದಿ ಮುರಿಯುತ್ತದೆ. ಈಗಿರುವ 300 ಕಿಲೋ ಆಸುಪಾಸಿನ ಯಂತ್ರದಲ್ಲಿ ಅದೇ ಟೂಲ್ ಅದೇ ಕಬ್ಬಿಣವನ್ನು ಬಿಗಿಯಾದ ಸುರುಳಿಯಾಗಿ ಸುಲಿದು ಹಾಕುತ್ತದೆ. ಬೀಡಿನ, ಅಂದರೆ ಎರಕದ ಕಬ್ಬಿಣದ, ತೂಕ ಕೊಡುವ ಬಿಗಿಯನ್ನು ಬೇರಾವ ಜೋಡಣೆಯೂ ಕೊಡಲಾರದು ಎಂದು ನಾನು ನಂಬಿದ್ದೇನೆ.

ಹೊಸದಕ್ಕೆ ರಾಜ್‌ಕೋಟ್, ಬಟಾಲಾ ಕಡೆಯ ತಯಾರಕರಿದ್ದಾರೆ. ನಾನು ತಂದದ್ದು ಬೆಳಗಾವಿಯಿಂದ, ಬಳಸಿದ ಯಂತ್ರ. ಬಳಸಿದ್ದನ್ನು ನೋಡುವಾಗ ಬಣ್ಣಕ್ಕೆ ಮರುಳಾಗಬಾರದು. ಟೂಲನ್ನು ಹೊತ್ತು ಬೆಡ್ಡಿನ ಮೇಲೆ ಓಡುವ ಕ್ಯಾರೇಜ್ ಚಕ್ಕಿನ ಹತ್ತಿರ ಸಲೀಸಾಗಿ ಓಡುವಂತೆ, ಅದರ ಸಡಿಲ ತೆಗೆಯುವ ಪಟ್ಟಿಯಾದ ಗಿಬ್ ಬಿಗಿ ಮಾಡಿ, ಆಮೇಲೆ ಕ್ಯಾರೇಜನ್ನು ಟೇಲ್‌ಸ್ಟಾಕ್ ಕಡೆಗೆ, ಅಂದರೆ ಚಕ್ಕಿನ ಎದುರು ತುದಿಗೆ, ದೂಡಿ. ಅಲ್ಲಿ ಸಿಕ್ಕಿಹಾಕಿಕೊಂಡರೆ ಚಕ್ಕಿನ ಬಳಿ ಬೆಡ್ ಸವೆದಿದೆ ಎಂದರ್ಥ. ಚಕ್ಕಿಗೆ ದಪ್ಪ ಸರಳು ಕಟ್ಟಿ, ಸ್ಪಿಂಡಲ್‌ನ ಮೂತಿಗೆ ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು, ಸರಳನ್ನು ಕೈಯಿಂದ ಮೇಲೆತ್ತಿದರೆ ಬೇರಿಂಗ್‌ನ ಸಡಿಲ ಮುಳ್ಳಿನಲ್ಲೇ ಕಾಣುತ್ತದೆ.

ಮನೆಯಲ್ಲಿ ಸಿಂಗಲ್ ಫೇಸ್, ಲೇತಿನದು ತ್ರೀ ಫೇಸ್ ಮೋಟಾರ್. ನಡುವೆ ವಿ.ಎಫ್.ಡಿ., ಅಂದರೆ ಮೋಟಾರಿನ ವೇಗವನ್ನೂ ಬದಲಿಸುವ ವಿದ್ಯುತ್ ಸಾಧನ, ಹಾಕಿದೆ. ಅದು ಸಿಂಗಲ್ ಫೇಸ್ ತೆಗೆದುಕೊಂಡು 230 ವೋಲ್ಟಿನ ತ್ರೀ ಫೇಸ್ ಕೊಡುತ್ತದೆ. ಆದ್ದರಿಂದ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿ ಕಟ್ಟಿರುವ ಮೋಟಾರಿನ ಸುರುಳಿಗಳನ್ನು ಡೆಲ್ಟಾ ಜೋಡಣೆಗೆ ಬದಲಿಸಬೇಕು. ಸಣ್ಣ ಮೋಟಾರುಗಳಲ್ಲಿ ಎಷ್ಟೋ ಸಲ ಮೂರೇ ತಂತಿ ಹೊರಬಂದಿರುತ್ತವೆ. ಆರೂ ತುದಿಗಳಿವೆಯೇ ಎಂದು ಮುಚ್ಚಳ ತೆಗೆದು ನೋಡಿಯೇ ದುಡ್ಡು ಕೊಡಿ. ವೇಗ ಇಳಿಸಲು ವಿ.ಎಫ್.ಡಿ.ಯ ಗುಂಡಿಯೊಂದನ್ನೇ ನೆಚ್ಚಿಕೊಂಡರೆ ಮೋಟಾರಿನ ಶಕ್ತಿಯೂ ಜೊತೆಗೇ ಇಳಿಯುತ್ತದೆ. ದಪ್ಪ ಕೆಲಸಕ್ಕೆ ಬೆಲ್ಟ್ ಬದಲಿಸುವುದೇ ಸರಿ.

ನಾನು ಅತಿ ಹೆಚ್ಚು ಹೊತ್ತು ಕೊಟ್ಟದ್ದು ಯಂತ್ರವನ್ನು ನೆಲಕ್ಕೆ ಕೂರಿಸಲು. ನಾಲ್ಕು ಕಾಲುಗಳಲ್ಲಿ ಒಂದು ತಗ್ಗಿದರೂ ಬೀಡಿನ ಬೆಡ್ ತಿರುಚಿಕೊಳ್ಳುತ್ತದೆ, ಶಾಫ್ಟ್ ಒಂದು ತುದಿಯಲ್ಲಿ ದಪ್ಪವಾಗಿ ಬರುತ್ತದೆ. ಮೊದಲು ಲೆವೆಲ್ ಇಟ್ಟು ಎರಡೂ ತುದಿಗಳಲ್ಲಿ ಅಡ್ಡಲಾಗಿ ನೋಡಿದೆ. ಬಳಿಕ ದಪ್ಪ ಸರಳೊಂದನ್ನು ಚಕ್ಕಿಗೆ ಮಾತ್ರ ಕಟ್ಟಿ, ಟೇಲ್‌ಸ್ಟಾಕ್ ಆಸರೆಯಿಲ್ಲದೆ, 150 ಮಿ.ಮೀ. ಅಂತರದಲ್ಲಿ ಎರಡು ಉಂಗುರಗಳನ್ನು ಉಳಿಸಿ ನಡುವಿನ ಭಾಗ ಇಳಿಸಿದೆ. ಟೂಲನ್ನು ಕದಲಿಸದೆ ಎರಡೂ ಉಂಗುರಗಳ ಮೇಲೆ ತೀರಾ ತೆಳುವಾಗಿ ಒಂದು ಕಟ್ ಎಳೆದು ಮೈಕ್ರೋಮೀಟರ್ ಹಿಡಿದೆ. ಹೊರತುದಿಯ ಉಂಗುರ ದಪ್ಪವಿದ್ದರೆ ಟೇಲ್‌ಸ್ಟಾಕ್ ಕಡೆಯ ಮುಂಗಾಲನ್ನು, ಅಂದರೆ ನಾವು ನಿಲ್ಲುವ ಬದಿಯದನ್ನು, ಕೂದಲೆಳೆಯಷ್ಟು ಏರಿಸಬೇಕು. ಆಗ ಟೂಲ್ ಕೆಲಸದ ಕಡೆಗೆ ವಾಲುತ್ತದೆ. ತೆಳುವಿದ್ದರೆ ಇಳಿಸಬೇಕು. ಮತ್ತೆ ಕಟ್, ಮತ್ತೆ ಅಳತೆ. ಎರಡರ ನಡುವಿನ ವ್ಯತ್ಯಾಸ 0.01 ಮಿ.ಮೀ. ಒಳಗೆ ಬರುವವರೆಗೂ ನಾನು ಗಿರಾಕಿಯ ಕೆಲಸ ಮುಟ್ಟಲಿಲ್ಲ. ಮೊದಲ ಮಳೆಗಾಲ ಕಳೆದ ಮೇಲೆ ಇದನ್ನು ಇನ್ನೊಮ್ಮೆ ನೋಡಿ, ನೆಲ ಕೂತಿರುತ್ತದೆ.

ನಮ್ಮ ಮಳೆಯ ವಿಷಯ ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒರೆಸದೆ ಬಿಟ್ಟ ಬೆಡ್ಡಿನ ಮೇಲೆ ಬೆಳಗಾಗುವುದರೊಳಗೆ ಕೆಂಚು ಚುಕ್ಕೆ ಏಳುತ್ತದೆ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರಿ ಇನ್ನೂ ಕೆಡುತ್ತದೆ. ಸ್ಲೈಡ್‌ವೇ ಎಣ್ಣೆ ಸವರಿ ಹತ್ತಿಯ ಬಟ್ಟೆ ಹಾಕುತ್ತೇನೆ.

ಪುಟ್ಟ ಲೇತನ್ನು ಮಾರಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ಸ್ಪ್ರೇಯರಿನ ಹಿತ್ತಾಳೆ ಬಿಡಿಭಾಗಗಳು ಬರುತ್ತವಲ್ಲ, ಅವಕ್ಕೆ ಅದೇ ಸಾಕು. ಒಂದು ಎಚ್ಚರ: ಆ ಭಾಗಗಳನ್ನು ಅಂಗಳದಲ್ಲೇ ಚೆನ್ನಾಗಿ ತೊಳೆದು ಒಳಗೆ ತನ್ನಿ. ಮೈಲುತುತ್ತದ ನೀರು ಬೀಡಿನ ಮೇಲೆ ಬಿದ್ದರೆ ಬೆಡ್ಡನ್ನು ತಿನ್ನುತ್ತದೆ.