ಸಂಬಳಕ್ಕೂ ಕರೆಂಟ್ ಬಿಲ್ಲಿಗೂ ಕೊಡಿ

‘ಒಂದಿಷ್ಟು ಹಣ ಎತ್ತಿಟ್ಟಿದ್ದೇನೆ, ಒಳ್ಳೆಯ ಕೆಲಸಕ್ಕೆ ಹೋಗಲಿ. ಯಾವ ಸಂಸ್ಥೆಗೆ ಕೊಡಲಿ?’ ನಾನು ವೃದ್ಧಾಶ್ರಮವೊಂದಕ್ಕೂ ಬೀದಿನಾಯಿಗಳ ಆಶ್ರಯಧಾಮವೊಂದಕ್ಕೂ ಹೋಗಿಬರುವುದನ್ನು ತಿಳಿದವರೆಲ್ಲ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಮನುಷ್ಯರಿಗೇ ಗತಿಯಿಲ್ಲದಿರುವಾಗ ನಾಯಿಗಳಿಗೇಕೆ?’

ಮೊದಲನೆಯದಕ್ಕೆ ನನ್ನ ಉತ್ತರ ಚಿಕ್ಕದು. ಹೋಗಿ ನೋಡಿಬರಲು ಆಗುವಷ್ಟು ಹತ್ತಿರದ ಸಂಸ್ಥೆಯೊಂದನ್ನು ಆರಿಸಿಕೊಳ್ಳಿ. ತಿಂಗಳು ತಿಂಗಳು ಸಣ್ಣ ಮೊತ್ತ ಕೊಡಿ. ಇದನ್ನು ಇಂಥದಕ್ಕೇ ಖರ್ಚು ಮಾಡಬೇಕೆಂದು ಷರತ್ತು ಹಾಕಬೇಡಿ.

ಕೊನೆಯ ಮಾತಿಗೆ ಬಂದಾಗ ಹಲವರ ಮುಖ ಸಪ್ಪಗಾಗುತ್ತದೆ. ‘ಹಾಗಾದರೆ ನಮ್ಮ ದುಡ್ಡು ಸಂಬಳಕ್ಕೆ ಹೋಗಿಬಿಡುತ್ತದಲ್ಲ?’ ಎನ್ನುತ್ತಾರೆ. ಹೋಗಲಿ ಎಂದೇ ನಾನು ಹೇಳುತ್ತೇನೆ. ಹಾಸಿಗೆ ಹಿಡಿದ ಅಜ್ಜಿಯನ್ನು ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸಿ ಮಲಗಿಸುವವರು ಯಾರು? ವೃದ್ಧಾಶ್ರಮದ ಆಯಾ. ಮಗ್ಗುಲು ಬದಲಿಸದೆ ಬಿಟ್ಟರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ, ಹುಣ್ಣು ಕೊಳೆತು ಜೀವಕ್ಕೇ ಕುತ್ತು ತರುತ್ತದೆ. ಆಕೆಗೆ ತಿಂಗಳ ಮೊದಲ ವಾರ ಸಂಬಳ ಸಿಗದಿದ್ದರೆ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾಳೆ. ಹೋಗಲೇಬೇಕು, ಅವಳಿಗೂ ಮನೆಯಿದೆ. ಸೇವೆ ಮಾಡುವವರು ಉಪವಾಸವಿದ್ದು ಮಾಡಲಿ ಎಂದು ಬಯಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ನಮ್ಮಲ್ಲಿ ದಾನವೆಂದರೆ ಮೊದಲು ನೆನಪಾಗುವುದು ಅನ್ನದಾನ. ಆ ಸಂಸ್ಕಾರದ ಬಗ್ಗೆ ನನಗೆ ಅಪಾರ ಗೌರವವಿದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಂಡು ಓದುವುದರ ಹಿಂದೆ ಭಕ್ತರು ತಂದೊಪ್ಪಿಸುವ ದವಸಧಾನ್ಯದ ಬಲವಿದೆ. ಆದರೆ ಊರಿನ ಒಂದು ಸಣ್ಣ ವೃದ್ಧಾಶ್ರಮದ ಕ್ಯಾಲೆಂಡರ್ ತೆಗೆದು ನೋಡಿ. ಮಕ್ಕಳ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ತಂದೆತಾಯಿಯ ಪುಣ್ಯತಿಥಿ, ಪಿತೃಪಕ್ಷ ಎಂದು ಭಾನುವಾರಗಳೆಲ್ಲ ತಿಂಗಳುಗಟ್ಟಲೆ ಮುಂಚೆಯೇ ಭರ್ತಿಯಾಗಿರುತ್ತವೆ. ಒಂದೇ ದಿನ ಎರಡು ಮನೆಯವರು ಹೋಳಿಗೆ ತರುತ್ತಾರೆ. ಸಕ್ಕರೆ ಕಾಯಿಲೆಯ ಅಜ್ಜಂದಿರು ಬೇಡವೆನ್ನಲಾಗದೆ ತಿಂದು ಸೋಮವಾರ ಸುಸ್ತಾಗಿ ಮಲಗುತ್ತಾರೆ. ಅದೇ ಹೊತ್ತಿಗೆ ಕಟ್ಟಡದ ಬಾಡಿಗೆ, ಕರೆಂಟ್ ಬಿಲ್ಲು, ದೊಡ್ಡವರ ಡೈಪರ್, ಬಿ.ಪಿ. ಮಾತ್ರೆ, ಫಿನೈಲು ಇವಕ್ಕೆ ದಾನಿಗಳಿಲ್ಲ. ಇವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಬರುವುದಿಲ್ಲ. ಹುಟ್ಟುಹಬ್ಬದ ಊಟ ಕೊಡಬೇಡಿ ಎಂದಲ್ಲ; ಕೊಡುವ ಮುನ್ನ ಫೋನ್ ಮಾಡಿ ‘ಈ ತಿಂಗಳು ನಿಮಗೆ ಏನು ಕಡಿಮೆಯಿದೆ?’ ಎಂದು ಕೇಳಿ. ಆ ಪ್ರಶ್ನೆ ಕೇಳುವವರು ಬಹಳ ವಿರಳ.

ವಸ್ತುಗಳ ವಿಷಯದಲ್ಲೂ ಹೀಗೆಯೇ. ನೆರೆ ಬಂದಾಗ ಲಾರಿಗಟ್ಟಲೆ ಹಳೆಯ ಬಟ್ಟೆ ಸುರಿದುಬರುವುದೂ ಅದರಲ್ಲಿ ಬಹಳಷ್ಟು ಯಾರೂ ಉಡಲಾಗದಂಥದ್ದಾಗಿರುವುದೂ ಪರಿಹಾರ ಕೇಂದ್ರಗಳಲ್ಲಿ ದುಡಿದವರಿಗೆ ಗೊತ್ತಿರುವ ಸಂಗತಿ. ಅನ್ಶು ಗುಪ್ತಾ ಅವರು 1999ರಲ್ಲಿ ಕಟ್ಟಿದ ಗೂಂಜ್ ಸಂಸ್ಥೆಯ ಬಗ್ಗೆ ನನಗಿರುವ ಮೆಚ್ಚುಗೆಗೆ ಇದೇ ಕಾರಣ. ಅವರು ಬಟ್ಟೆಯನ್ನು ವಿಂಗಡಿಸುತ್ತಾರೆ, ಉಡಲು ಬಾರದ ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡ್ ಹೊಲಿಸುತ್ತಾರೆ. ಹಳ್ಳಿಯವರು ಬಾವಿಯನ್ನೋ ದಾರಿಯನ್ನೋ ತಾವೇ ದುರಸ್ತಿ ಮಾಡಿಕೊಂಡು, ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ ಪಡೆಯುತ್ತಾರೆ. ಪಡೆಯುವವರು ತಲೆ ತಗ್ಗಿಸಬೇಕಾಗಿಲ್ಲ. ಇನ್ನು ನಿಮ್ಮ ಹರಿದ ಬೆಡ್‌ಶೀಟು, ಟವೆಲ್, ರದ್ದಿ ಪತ್ರಿಕೆ, ಗೋಣಿಚೀಲಗಳನ್ನು ಮನುಷ್ಯರಿಗೆ ಕೊಡಬೇಡಿ. ಅವು ಪ್ರಾಣಿಗಳ ಆಶ್ರಯಧಾಮಕ್ಕೆ ದಿನವೂ ಬೇಕು.

ಈಗ ನಾಯಿಗಳ ಪ್ರಶ್ನೆ. ಇದನ್ನು ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಹಸಿದ ಮಗುವನ್ನು ಕಂಡವರಿಗೆ ಇಂಥ ಪ್ರಶ್ನೆ ಹುಟ್ಟಲೇಬೇಕು. ಆದರೆ ಹುಚ್ಚುನಾಯಿ ಕಡಿತಕ್ಕೆ ಸಿಗುವವರು ಯಾರು ಎಂದು ಯೋಚಿಸಿ. ಕಾರಿನಲ್ಲಿ ಓಡಾಡುವವರಲ್ಲ. ಬಯಲಲ್ಲಿ ಆಡುವ ಮಕ್ಕಳು, ಚಿಂದಿ ಆಯುವವರು, ನಸುಕಿನಲ್ಲಿ ರಸ್ತೆ ಗುಡಿಸುವ ಪೌರಕಾರ್ಮಿಕರು. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಒಂದು ಪ್ರದೇಶದ ನಾಯಿಗಳಲ್ಲಿ ಸುಮಾರು 70 ಶೇಕಡಾದಷ್ಟಕ್ಕೆ ಲಸಿಕೆ ಹಾಕಿದರೆ ರೋಗ ಹರಡುವ ಕೊಂಡಿ ಕಳಚುತ್ತದೆ. ಹೀಗಾಗಿ ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿ, ಕಿವಿಯ ತುದಿಯಲ್ಲಿ ಗುರುತು ಕತ್ತರಿಸಿ ಬಿಡುವ ಸಂಸ್ಥೆಗೆ ನೀವು ಕೊಡುವ ಹಣ ಆ ಪೌರಕಾರ್ಮಿಕರ ಮಗುವಿಗೂ ಸಲ್ಲುತ್ತದೆ.

ಇನ್ನೊಂದು ಉದಾಹರಣೆ ನನಗೆ ತುಂಬಾ ಪ್ರಿಯವಾದದ್ದು. ಕರಡಿ ಕುಣಿಸುವವರನ್ನು ನಮ್ಮ ತಲೆಮಾರಿನವರು ಊರಿನ ಬೀದಿಯಲ್ಲೇ ನೋಡಿದ್ದೇವೆ. ಮರಿಯ ಮೂತಿಗೆ ಕಾಯಿಸಿದ ಸೂಜಿ ಚುಚ್ಚಿ ಹಗ್ಗ ಪೋಣಿಸಿ, ಆ ನೋವಿನಿಂದಲೇ ಕುಣಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಅದು ದಶಕಗಳ ಕಾಲ ನಡೆಯಿತು, ಏಕೆಂದರೆ ಕಲಂದರ್ ಸಮುದಾಯದ ಕುಟುಂಬಗಳಿಗೆ ಬೇರೆ ಬದುಕಿರಲಿಲ್ಲ. 1995ರಲ್ಲಿ ಆರಂಭವಾದ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕರಡಿಗಳನ್ನು ಬಿಡಿಸಿಕೊಂಡು ಹೋಗಿ ಸುಮ್ಮನಾಗಲಿಲ್ಲ. ಕರಡಿ ಒಪ್ಪಿಸಿದವರಿಗೆ ಬೇರೆ ಕಸುಬು ಹಿಡಿಯಲು ಬಂಡವಾಳ ಕೊಟ್ಟಿತು, ಹೆಂಗಸರಿಗೆ ಕೆಲಸ ಕಲಿಸಿತು, ಮಕ್ಕಳನ್ನು ಶಾಲೆಗೆ ಸೇರಿಸಿತು. 2009ರ ಡಿಸೆಂಬರಿನಲ್ಲಿ ಕೊನೆಯ ಕುಣಿಯುವ ಕರಡಿ ಬಂದು ಸೇರಿದ್ದು ನಮ್ಮ ಬನ್ನೇರುಘಟ್ಟದ ಕರಡಿ ಧಾಮಕ್ಕೆ. ಮನುಷ್ಯನ ಹಸಿವನ್ನು ಬಿಟ್ಟು ಕರಡಿಯನ್ನಷ್ಟೇ ನೋಡಿದ್ದರೆ ಈ ಕೆಲಸ ಎಂದೂ ಮುಗಿಯುತ್ತಿರಲಿಲ್ಲ.

ಹಣ ಕೊಡುವ ಮುನ್ನ ಏನು ನೋಡಬೇಕು? ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ಹೆಸರಿದೆಯೇ, ವಾರ್ಷಿಕ ಲೆಕ್ಕಪತ್ರ ಕೇಳಿದರೆ ತೋರಿಸುತ್ತಾರೆಯೇ, ರಸೀದಿ ಕೊಡುತ್ತಾರೆಯೇ. ಎಲ್ಲಕ್ಕಿಂತ ಮಿಗಿಲಾಗಿ, ಹೇಳದೆ ಕೇಳದೆ ಒಂದು ಮಧ್ಯಾಹ್ನ ಹೋಗಿ ಬಚ್ಚಲುಮನೆ ನೋಡಿ. ಬಚ್ಚಲು ಸ್ವಚ್ಛವಾಗಿದ್ದರೆ ಉಳಿದದ್ದೂ ಬಹುಮಟ್ಟಿಗೆ ಸರಿಯಿರುತ್ತದೆ. ಗಾಯಗೊಂಡ ನಾಯಿಯದೋ ಆಸ್ಪತ್ರೆಯಲ್ಲಿರುವ ಮಗುವಿನದೋ ಫೋಟೊ ಹಾಕಿ, ವ್ಯಕ್ತಿಯ ಸ್ವಂತ ಯುಪಿಐ ಸಂಖ್ಯೆಗೆ ಹಣ ಕೇಳುವ ವಾಟ್ಸಾಪ್ ಸಂದೇಶಕ್ಕೆ ವಿಚಾರಿಸದೆ ಕಳುಹಿಸಬೇಡಿ. ಆಸ್ಪತ್ರೆಗೋ ಪಶುವೈದ್ಯರಿಗೋ ಫೋನ್ ಮಾಡಿ, ಬಿಲ್ಲನ್ನು ನೇರವಾಗಿ ಅಲ್ಲಿಯೇ ಕಟ್ಟಿ.

ದಾನಕ್ಕೆ ಸಿಗುವ, 80ಜಿ ಎಂದೇ ಎಲ್ಲರೂ ಕರೆಯುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ಅದೂ ಸಿಗುವುದಿಲ್ಲ. ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ನಿಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿಯಿರುವ ಸಂಸ್ಥೆಗೆ ಅದಕ್ಕೆಂದೇ ಇರುವ ಖಾತೆಯ ಮೂಲಕವೇ ಕೊಡಬೇಕು. ಪ್ರೀತಿಯಿಂದ ಕಳುಹಿಸಿದ ಹಣವೇ ಊರಿನ ಸಣ್ಣ ಸಂಸ್ಥೆಯನ್ನು ಕಾನೂನಿನ ತೊಡಕಿಗೆ ಸಿಕ್ಕಿಸಬಾರದು.

ಹಣವಿಲ್ಲದವರು ಏನು ಮಾಡಬಹುದು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನನಗೆ ಅತ್ಯಂತ ಸಂತೋಷ ಕೊಡುವ ಪ್ರಶ್ನೆ ಅದು. ಆರೋಗ್ಯವಂತ ಗಂಡಸರು 90 ದಿನಗಳಿಗೊಮ್ಮೆ, ಹೆಂಗಸರು 120 ದಿನಗಳಿಗೊಮ್ಮೆ ರಕ್ತ ಕೊಡಬಹುದು. ತಲಸೇಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಕೆಲವೇ ವಾರಗಳಿಗೊಮ್ಮೆ ರಕ್ತ ಬೇಕೇ ಬೇಕು. ಮನೆಯಲ್ಲಿ ಬೇರೆ ನಾಯಿ ಇಲ್ಲದಿದ್ದರೆ ಅನಾಥ ಮರಿಯೊಂದನ್ನು ಕೆಲವು ವಾರ ಸಾಕಿಕೊಡಿ, ಏಕೆಂದರೆ ಕಿಕ್ಕಿರಿದ ಆಶ್ರಯಧಾಮದಲ್ಲಿ ಪಾರ್ವೊ ಎಂಬ ಅಂಟುರೋಗ ತಗುಲಿದರೆ ಮರಿಗಳು ಉಳಿಯುವುದು ಕಷ್ಟ. ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವವರ ಕೊರತೆಯಂತೂ ಪ್ರತಿ ವರ್ಷವೂ ಇದೆ. ಬರೆಯುವವರು ಪರೀಕ್ಷಾರ್ಥಿಗಿಂತ ಕೆಳಗಿನ ತರಗತಿಯವರಾಗಿರಬೇಕು ಎಂಬ ನಿಯಮ ಅನೇಕ ಪರೀಕ್ಷೆಗಳಲ್ಲಿದೆ. ಅಂದರೆ ಒಂಬತ್ತನೆಯ ತರಗತಿಯ ಹುಡುಗಿ ಎಸ್ಸೆಸ್ಸೆಲ್ಸಿಯವನಿಗೆ, ಪಿಯುಸಿ ಓದುವವನು ಪದವಿಯವಳಿಗೆ ಬರೆದುಕೊಡಬಹುದು. ದೊಡ್ಡವರು ಕನ್ನಡ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಡಬಹುದು. ಪರೀಕ್ಷೆಯ ಹಿಂದಿನ ವಾರ ಫೋನ್ ಮಾಡಿದರೆ ತಡವಾಗಿರುತ್ತದೆ. ಅಂಧ ವಿದ್ಯಾರ್ಥಿಗಳಿಗೆ ನೆರವಾಗುವ ಸಂಸ್ಥೆಯಲ್ಲಿ ನಿಮ್ಮ ಹೆಸರನ್ನು ಜನವರಿಯೊಳಗೆ ಬರೆಸಿ.