ಮಾರ್ಕ್ ಸರಿ, ಟೈಮಿಂಗ್ ತಪ್ಪು: 4ಜಿ63 ಎಂಜಿನ್ ಕೆಲಸದ ಐದನೆಯ ವರದಿ

ಕಳೆದ ವರದಿಯಲ್ಲಿ ಬರೆದಿದ್ದ ತೊಂದರೆ ಹಾಗೆಯೇ ಉಳಿದಿತ್ತು. 3,900 ಆರ್‌ಪಿಎಂ ಮುಟ್ಟುವವರೆಗೆ, ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಒಂದು ಬಾರ್ ಒತ್ತಡ ಕೊಡುತ್ತಿರಲಿಲ್ಲ. ಪೈಪುಗಳ ಸೋರಿಕೆ ಹುಡುಕಿದೆ, ಟರ್ಬೊ ಒತ್ತಡವನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟ್ ಬಿಚ್ಚಿ ಮತ್ತೆ ಕೂರಿಸಿದೆ, ಟರ್ಬೊ ಶಾಫ್ಟಿನ ಆಟ ಅಳೆದೆ. ಎರಡು ತಿಂಗಳು ಅನುಮಾನವೆಲ್ಲ ಟರ್ಬೊ ಮೇಲೆಯೇ ಇತ್ತು. ದೋಷ ಇದ್ದದ್ದು, ಪಿಸ್ಟನ್‌ಗೆ ಹೊಂದಿಕೊಂಡು ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಬೆಲ್ಟಿನ ಕವರಿನ ಹಿಂದೆ.

ಮೊದಲ ಸಲ ಓದುತ್ತಿರುವವರಿಗೆ ಎರಡು ಮಾತು. ಗಾಡಿ ತಿರುವಳ್ಳೂರಿನಲ್ಲಿ ತಯಾರಾದ ಹಳೆಯ ಲ್ಯಾನ್ಸರ್. ಒಳಗೆ ಕೂತಿರುವುದು ಜಪಾನಿನಿಂದ ಬಂದ ಮಿತ್ಸುಬಿಷಿ 4ಜಿ63 ಟರ್ಬೊ: 1,997 ಸಿಸಿ, 85 ಮಿ.ಮೀ. ಬೋರ್, 88 ಮಿ.ಮೀ. ಸ್ಟ್ರೋಕ್, ಎರಕದ ಕಬ್ಬಿಣದ ಬ್ಲಾಕ್, ತಲೆಯಲ್ಲಿ, ಅಂದರೆ ಹೆಡ್‌ನಲ್ಲಿ, ವಾಲ್ವ್‌ಗಳನ್ನು ತೆರೆಯುವ ಎರಡು ಕ್ಯಾಮ್‌ಶಾಫ್ಟ್. ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತ ನಾಲ್ಕು ಬಾರಿ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಇದೇ ಎಂಜಿನ್ ಇದ್ದ ಲ್ಯಾನ್ಸರ್ ಇವೊಗಳಲ್ಲಿ. ನನ್ನದು ರಸ್ತೆಗೆ ಇಳಿಯುವುದಿಲ್ಲ. ಮಣ್ಣಿನ ಟ್ರ್ಯಾಕ್‌ಗೆ ಮಾತ್ರ, ಅದೂ ಟ್ರೈಲರ್ ಮೇಲೆ. ದಾವಣಗೆರೆಯ ಅಂಚಿನಲ್ಲಿ, ಬಾತಿಯ ಬಳಿ ಇರುವ ತಗಡಿನ ಶೆಡ್ಡಿನಲ್ಲಿ ಕೆಲಸ. ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಅಲ್ಲಿ ನಿಲ್ಲಲಾಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಐದೂವರೆಗೆ, ಎಂಜಿನ್ ತಣ್ಣಗಿರುವಾಗಲೇ ಅಳತೆ ಶುರು.

ಬೆಲ್ಟ್ ಸುತ್ತುವ ಪುಲ್ಲಿಗಳ ಮೇಲಿನ ಜೋಡಣೆಯ ಮಾರ್ಕ್‌ಗಳು ನೇರವಾಗಿದ್ದವು. ಅದನ್ನೇ ನಂಬಿ ಮುಂದೆ ಹೋಗಿದ್ದೆ. ಈ ಬಾರಿ ಮಾರ್ಕ್ ಬದಿಗಿಟ್ಟು ವಾಲ್ವ್ ನಿಜವಾಗಿ ಎಲ್ಲಿ ತೆರೆಯುತ್ತದೆ ಎಂಬುದನ್ನೇ ಅಳೆಯಲು ಕೂತೆ.

ಮೊದಲಿಗೆ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ಅತಿ ಮೇಲೆ ಬರುವ ಜಾಗ, ಬೇಕು. ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ದಂಡ) ಎರಡು ಡಿಗ್ರಿ ಆಚೀಚೆಯಾದರೂ ಅದು ಕದಲಿದ್ದು ಕಣ್ಣಿಗೆ ತಿಳಿಯದು. ಅದಕ್ಕೆ ಪಿಸ್ಟನ್ನನ್ನು ದಾರಿಯಲ್ಲೇ ತಡೆದು ನಿಲ್ಲಿಸುವ ಪಿಸ್ಟನ್ ಸ್ಟಾಪ್ ಬೇಕು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿವೆ. ಆದರೂ ಲೇತ್ ಮೇಲೆ ಕೈ ಪಳಗಿದವರು ಆ ಊರಿನಲ್ಲಿ ಇನ್ನೂ ಸಿಗುತ್ತಾರೆ. ಅಂಥ ಹಿರಿಯರೊಬ್ಬರು ಹಳೆಯ ಸ್ಪಾರ್ಕ್ ಪ್ಲಗ್‌ನ ಒಡಲಿಗೆ ದುಂಡು ಮೂತಿಯ ಉಕ್ಕಿನ ಕಡ್ಡಿ ಕೂರಿಸಿ ಕೊಟ್ಟರು. ಅವರು ಕೊಟ್ಟ ತುಂಡಿನ ಫಿನಿಶ್ ನೋಡುತ್ತಾ ಒಂದು ಗಳಿಗೆ ಸುಮ್ಮನೆ ಕೂತಿದ್ದೆ. ಡಿಗ್ರಿ ಚಕ್ರವನ್ನು ಕ್ರ್ಯಾಂಕ್‌ಗೆ ಬಿಗಿದು, ಪಿಸ್ಟನ್ ಸ್ಟಾಪ್‌ಗೆ ತಾಗುವವರೆಗೆ ಒಂದು ದಿಕ್ಕಿಗೆ, ಆಮೇಲೆ ಇನ್ನೊಂದು ದಿಕ್ಕಿಗೆ ಕೈಯಿಂದ ನಿಧಾನವಾಗಿ ತಿರುಗಿಸಿದೆ. ಒಂದು ಕಡೆ 38, ಇನ್ನೊಂದು ಕಡೆ 41. ಎರಡೂ ಕಡೆ 39.5 ಬರುವಂತೆ ಮುಳ್ಳನ್ನು ಸರಿಸಿದ ಮೇಲೆ ಸೊನ್ನೆಯೇ ಟಿಡಿಸಿ.

ಎರಡನೆಯ ತೊಡಕು, ವಾಲ್ವ್‌ನ ಸಡಿಲನ್ನು ಎಣ್ಣೆಯ ಒತ್ತಡದಿಂದ ತಾನೇ ತುಂಬಿಕೊಳ್ಳುವ ಹೈಡ್ರಾಲಿಕ್ ಲ್ಯಾಷ್ ಅಡ್ಜಸ್ಟರ್. ಇದರೊಳಗಿನ ಎಣ್ಣೆ ಸ್ಪ್ರಿಂಗಿನ ಒತ್ತಡಕ್ಕೆ ಜಾರುತ್ತದೆ. ವಾಲ್ವ್ ಎಷ್ಟು ಸರಿಯಿತೆಂದು ಅಳೆಯುವ ಡಯಲ್ ಗೇಜ್ ಇಟ್ಟರೆ ಪ್ರತಿ ಸಲವೂ ಬೇರೆ ಅಂಕಿ. ಎರಡು ಹಳೆಯ ಅಡ್ಜಸ್ಟರ್ ಬಿಚ್ಚಿ, ಒಳಗಿನ ಸ್ಪ್ರಿಂಗ್ ತೆಗೆದು, ವಾಷರ್ ತುಂಬಿ ಗಟ್ಟಿ ಮಾಡಿಕೊಂಡೆ. ಅಳತೆಯ ಹೊತ್ತಿಗೆ ಮೊದಲ ಸಿಲಿಂಡರಿನಲ್ಲಿ ಇವೇ ಇರುತ್ತವೆ.

ಕ್ಯಾಮ್‌ನ ಉಬ್ಬಿನ ತುದಿ ಚಪ್ಪಟೆ. ಗೇಜ್ ಮುಳ್ಳು ಅಲ್ಲಿ ಹಲವು ಡಿಗ್ರಿ ನಿಂತೇ ಇರುತ್ತದೆ. ಆದ್ದರಿಂದ ಪೂರ್ತಿ ಎತ್ತರಕ್ಕಿಂತ 1.27 ಮಿ.ಮೀ. ಕೆಳಗೆ, ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಡಿಗ್ರಿ ಬರೆದುಕೊಂಡು ನಡುವಿನದನ್ನು ತೆಗೆದುಕೊಳ್ಳಬೇಕು. ಎಂಜಿನ್ ತಿರುಗುವ ದಿಕ್ಕಿನಲ್ಲೇ ಅಂಕಿಗೆ ಬರಬೇಕು. ದಾಟಿ ಹೋದರೆ ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಬರಬೇಕು. ಇಲ್ಲವಾದರೆ ಬೆಲ್ಟಿನ ಸಡಿಲು ಅಳತೆಯೊಳಗೆ ಸೇರಿಬಿಡುತ್ತದೆ.

ಇನ್‌ಟೇಕ್ (ಗಾಳಿ ಒಳಗೆ ಬಿಡುವ ವಾಲ್ವ್): ಟಿಡಿಸಿ ದಾಟಿ 72 ಮತ್ತು 156 ಡಿಗ್ರಿ, ನಡುವೆ 114. ಕ್ಯಾಮ್ ಜೊತೆ ಬಂದ ಅಳತೆಯ ಕಾರ್ಡಿನಲ್ಲಿ ಇರುವುದು 110. ಎಕ್ಸಾಸ್ಟ್ (ಹೊಗೆ ಹೊರಗೆ ಬಿಡುವ ವಾಲ್ವ್): ಟಿಡಿಸಿಗೆ ಮೊದಲು 152 ಮತ್ತು 70, ನಡುವೆ 111. ಕಾರ್ಡಿನಲ್ಲಿ 112. ಮೂರು ಬಾರಿ ಅಳೆದೆ, ಅವೇ ಅಂಕಿಗಳು.

ಇನ್‌ಟೇಕ್ ನಾಲ್ಕು ಡಿಗ್ರಿ ತಡ, ಎಕ್ಸಾಸ್ಟ್ ಒಂದು ಡಿಗ್ರಿ ತಡ. ಎರಡಕ್ಕೂ ಸಮಾನವಾದ ಒಂದು ಡಿಗ್ರಿಯ ಕಾರಣ ಬೇಗ ಹೊಳೆಯಿತು. ಈ ಹೆಡ್‌ಗೆ ಎರಡು ಸಲ ಫೇಸಿಂಗ್ (ತಳ ಸಮವಾಗುವಂತೆ ತೆಳುವಾಗಿ ಕೆತ್ತುವುದು) ಆಗಿದೆ, ಒಟ್ಟು 0.6 ಮಿ.ಮೀ. ಹೋಗಿದೆ. ಹೆಡ್ ತಗ್ಗಿದರೆ ಕ್ರ್ಯಾಂಕ್‌ಗೂ ಕ್ಯಾಮ್‌ಗೂ ನಡುವಿನ ಅಂತರ ತಗ್ಗುತ್ತದೆ. ಬೆಲ್ಟಿನ ಎಳೆಯುವ ಬದಿಯಲ್ಲಿ ಅಷ್ಟು ಉದ್ದ ಹೆಚ್ಚಾಗಿ, ಕ್ಯಾಮ್‌ಗಳು ಹಿಂದೆ ಬೀಳುತ್ತವೆ. 0.6 ಮಿ.ಮೀ.ಗೆ ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು ಒಂದು ಡಿಗ್ರಿ. ಉಳಿದ ಮೂರು ಡಿಗ್ರಿ, ನಾನು ಕೊಂಡ ಹೊಂದಿಸಬಲ್ಲ ಇನ್‌ಟೇಕ್ ಪುಲ್ಲಿಯದು. ಅದರ ಸೊನ್ನೆ ಗೆರೆಯನ್ನೇ ತಪ್ಪಾಗಿ ಕೆತ್ತಿದ್ದಾರೆ.

ವಾಲ್ವ್ ತಡವಾಗಿ ಮುಚ್ಚಿದರೆ ಕಡಿಮೆ ವೇಗದಲ್ಲಿ ಸಿಲಿಂಡರಿಗೆ ಬಂದ ಗಾಳಿಯಲ್ಲಿ ಒಂದಿಷ್ಟು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಗಾಳಿ ಕಡಿಮೆಯಾದರೆ ಹೊಗೆ ಕಡಿಮೆ, ಹೊಗೆ ಕಡಿಮೆಯಾದರೆ ಟರ್ಬೊ ಏಳುವುದು ತಡ.

ಪುಲ್ಲಿಯ ಮೇಲಿನ ಗೆರೆಗಳು ಕ್ಯಾಮ್ ಡಿಗ್ರಿ. ಅಲ್ಲಿ ಒಂದು ಎಂದರೆ ಕ್ರ್ಯಾಂಕ್‌ನಲ್ಲಿ ಎರಡು. ಇನ್‌ಟೇಕ್ ಎರಡು ಗೆರೆ, ಎಕ್ಸಾಸ್ಟ್ ಅರ್ಧ ಗೆರೆ ಮುಂದಕ್ಕೆ ಸರಿಸಿದೆ. ಮತ್ತೆ ಅಳೆದಾಗ 110 ಮತ್ತು 112. ಕಂಪ್ರೆಷನ್ 138 ಪಿಎಸ್‌ಐ ಇದ್ದದ್ದು 144 ಆಯಿತು. ಗೆಳೆಯನ ಹೊಲದಲ್ಲಿ ಮೆಕ್ಕೆಜೋಳ ಕಟಾವಾಗಿ ಭೂಮಿ ಖಾಲಿ ಇದೆ. ಅಲ್ಲಿನ ಬಂಡಿದಾರಿಯಲ್ಲಿ ಎರಡನೆಯ ಗೇರಿನಲ್ಲಿ ಮೂರು ಓಟ ಓಡಿಸಿದೆ. ಒಂದು ಬಾರ್ ಬಂದದ್ದು 3,650ಕ್ಕೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಆ ಕ್ಷಣದಲ್ಲಿ, ಅಂದರೆ ಓವರ್‌ಲ್ಯಾಪ್‌ನಲ್ಲಿ, ಏನು ನಡೆಯುತ್ತದೆ ಎಂದು ತಿಳಿಯುವ ಆಸೆ ಬಹಳ ದಿನದ್ದು. ಫ್ರಿಜ್ ರಿಪೇರಿಯವರಿಂದ ತಾಮ್ರದ ಕೊಳವೆ ತಂದು, ಸುರುಳಿ ಸುತ್ತಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಗೇಜ್‌ಗೆ ಎಳೆದೆ. ಹೊಗೆ ಸುರುಳಿಯಲ್ಲಿ ತಣಿಯುವುದರಿಂದ ಗೇಜ್ ಉಳಿಯುತ್ತದೆ. 4,000 ಆರ್‌ಪಿಎಂನಲ್ಲಿ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಒಂದು ಬಾರ್, ಎಕ್ಸಾಸ್ಟ್ ಒತ್ತಡ 0.95. 6,500ರಲ್ಲಿ ಬೂಸ್ಟ್ ಅಷ್ಟೇ, ಎಕ್ಸಾಸ್ಟ್ ಮಾತ್ರ 1.7! ಕೆಳಗಿನ ವೇಗದಲ್ಲಿ ಹೊಸ ಗಾಳಿ ಹಳೆಯ ಹೊಗೆಯನ್ನು ತುಸು ತಳ್ಳಬಲ್ಲದು. ಮೇಲಿನ ವೇಗದಲ್ಲಿ ಹೊಗೆಯೇ ಸಿಲಿಂಡರಿಗೆ ಹಿಂದಿರುಗುತ್ತದೆ. ಒಂದೇ ಓವರ್‌ಲ್ಯಾಪ್ ಎರಡು ವೇಗಗಳಲ್ಲಿ ಎರಡು ಬಗೆಯಾಗಿ ವರ್ತಿಸುವುದನ್ನು ಎರಡು ಮುಳ್ಳುಗಳಲ್ಲಿ ಕಂಡ ಬೆಳಗು ನನಗೆ ಈ ಇಡೀ ಕೆಲಸದ ಅತ್ಯಂತ ಸಂತೋಷದ ಬೆಳಗು. ಮಿತ್ಸುಬಿಷಿ 2005ರಲ್ಲಿ ಇವೊ 9ಕ್ಕೆ ಓಡುತ್ತಿರುವಾಗಲೇ ಬದಲಾಗುವ ಇನ್‌ಟೇಕ್ ಟೈಮಿಂಗ್ ಏಕೆ ಕೊಟ್ಟಿತು ಎಂಬುದು ಆಗ ನನಗೆ ಅರ್ಥವಾಯಿತು.

ನನ್ನದರಲ್ಲಿ ಆ ಸೌಲಭ್ಯ ಇಲ್ಲ, ಒಂದೇ ಜಾಗ ಆರಿಸಬೇಕು. ಎಕ್ಸಾಸ್ಟ್ ಇನ್ನೂ ಎರಡು ಡಿಗ್ರಿ ಮುಂದೆ ತಂದು 114 ಮಾಡಿದೆ. ಓವರ್‌ಲ್ಯಾಪ್ ತಗ್ಗಿತು, ವಾಲ್ವ್ ಬೇಗ ತೆರೆದು ಟರ್ಬೊಗೆ ಬಿಸಿ ಹೆಚ್ಚು ಸಿಕ್ಕಿತು. ಒಂದು ಬಾರ್ 3,500ಕ್ಕೆ ಬಂತು, ಐಡಲ್ ಕೂಡ ಸ್ಥಿರವಾಯಿತು. 116ರಲ್ಲಿ ಹೆಚ್ಚಿನ ಲಾಭವಿಲ್ಲ, ನಡುವಿನ ಎಳೆತ ಸೊರಗಿತು. ಇನ್‌ಟೇಕ್ 112ಕ್ಕೆ ಹಿಂದೆ ಸರಿಸಿದರೆ ಮೇಲಿನ ವೇಗದಲ್ಲಿ ಚೆನ್ನಾಗಿ ಎಳೆಯುತ್ತದೆ, ಆದರೆ ಬೂಸ್ಟ್ 3,600ಕ್ಕೆ ಹೋಗುತ್ತದೆ. ಮಣ್ಣಿನ ತಿರುವಿನಿಂದ ಎರಡನೆಯ ಗೇರಿನಲ್ಲಿ ಹೊರಬರುವ ಗಾಡಿಗೆ ಕೆಳಗಿನ ಎಳೆತವೇ ಮುಖ್ಯ. 110 ಮತ್ತು 114 ಉಳಿಸಿಕೊಂಡೆ.

ಇದೇ ಎಂಜಿನ್ ಮೇಲೆ ಕೈ ಹಾಕುವವರು ದಯವಿಟ್ಟು ಗಮನಿಸಿ. ಇದರಲ್ಲಿ ಟೈಮಿಂಗ್ ಬಹಳ ತಪ್ಪಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ. ಬೆಲ್ಟ್ ಇಲ್ಲದಾಗ ಕ್ಯಾಮ್‌ಗಳನ್ನು ಮನಬಂದಂತೆ ತಿರುಗಿಸಿದರೆ ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್‌ಗಳು ಒಂದಕ್ಕೊಂದು ತಾಗಬಹುದು. ಪ್ರತಿ ಬದಲಾವಣೆಯ ನಂತರ ಟಿಡಿಸಿಯಿಂದ 10 ಡಿಗ್ರಿ ಆಚೆ ಇನ್‌ಟೇಕ್ ವಾಲ್ವನ್ನೂ 10 ಡಿಗ್ರಿ ಈಚೆ ಎಕ್ಸಾಸ್ಟ್ ವಾಲ್ವನ್ನೂ ಪಿಸ್ಟನ್ ಮುಟ್ಟುವವರೆಗೆ ಒತ್ತಿ ಅಂತರ ಅಳೆದೆ. ಈಗ ಇನ್‌ಟೇಕ್ 2.3 ಮಿ.ಮೀ., ಎಕ್ಸಾಸ್ಟ್ 3.1. ಇನ್‌ಟೇಕ್‌ಗೆ 2, ಎಕ್ಸಾಸ್ಟ್‌ಗೆ 2.5ಕ್ಕಿಂತ ಕೆಳಗೆ ನಾನು ಹೋಗುವುದಿಲ್ಲ. ಈ ಎಂಜಿನ್ನಿನಲ್ಲಿ ಇಗ್ನಿಷನ್‌ಗೆ ಲೆಕ್ಕ ಕೊಡುವ ಸೆನ್ಸರ್ ಕೂಡ ಕ್ಯಾಮ್‌ನ ಹಿಂತುದಿಯಿಂದಲೇ ತಿರುಗುವುದರಿಂದ ಟೈಮಿಂಗ್ ಲೈಟ್ ಹಿಡಿದು ಮೂಲ ಇಗ್ನಿಷನ್ನನ್ನು ಮತ್ತೆ 5 ಡಿಗ್ರಿಗೆ ತಂದೆ.

ಬೆಲ್ಟ್ ಕೂರಿಸುವಾಗ ವಾಲ್ವ್ ಸ್ಪ್ರಿಂಗಿನ ಒತ್ತಡಕ್ಕೆ ಪುಲ್ಲಿಗಳು ಚಿಮ್ಮುತ್ತವೆ. ಮಂಡಿಪೇಟೆಯ ಸ್ಟೇಷನರಿ ಅಂಗಡಿಯಿಂದ ತಂದ ದೊಡ್ಡ ಬೈಂಡರ್ ಕ್ಲಿಪ್‌ಗಳಿಂದ ಬೆಲ್ಟನ್ನು ಪುಲ್ಲಿಗೆ ಕಚ್ಚಿಸಿದೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರನ್ನು ವೈಸ್‌ನಲ್ಲಿ ನಿಧಾನವಾಗಿ ಒತ್ತಿ ಪಿನ್ ಹಾಕಿ ಕೂರಿಸಿ, ಪಿನ್ ಎಳೆದು, ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ ಹದಿನೈದು ನಿಮಿಷ ಬಿಟ್ಟೆ. ಅದರ ಕಡ್ಡಿ 3.8ರಿಂದ 4.5 ಮಿ.ಮೀ. ಹೊರಗಿರಬೇಕು. 4.1 ಬಂತು. ಪುಲ್ಲಿಗಳ ಮೇಲೆ ನಿಜವಾದ ಸೊನ್ನೆಗೆ ಹಳದಿ ಬಣ್ಣದಲ್ಲಿ ಹೊಸ ಗೆರೆ ಎಳೆದು, ಕವರ್ ಮುಚ್ಚಿದೆ.